ಸೆರೊಟೋನಿನ್ ಕಥೆ ಬಿದ್ದುಹೋಯಿತು, ಮಾತ್ರೆ ಬಿಡಬೇಡಿ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆ. ಒಪಿಡಿಯಲ್ಲೂ ಅದನ್ನೇ ಕೇಳಿ ಕೇಳಿ ಸಾಕಾಗಿದೆ. ಖಿನ್ನತೆಯ ಲಕ್ಷಣಗಳನ್ನು ಮತ್ತೆ ಬರೆಯುತ್ತ ಕೂರುವುದಿಲ್ಲ, ನೇರ ವಿಷಯಕ್ಕೆ ಬರುತ್ತೇನೆ.

ಪ್ರಶ್ನೆ: ಐದು ತಿಂಗಳಿಂದ ಖಿನ್ನತೆಗೆ ಎಸಿಟಾಲೊಪ್ರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಈಗ ಪರವಾಗಿಲ್ಲ. ಖಿನ್ನತೆಗೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ಕೊರತೆ ಕಾರಣವೇ ಅಲ್ಲವಂತೆ. ಡಾಕ್ಟರು ಸುಳ್ಳು ಹೇಳಿದರೇ? ಮಾತ್ರೆ ನಿಲ್ಲಿಸಲೇ?

ನಿಲ್ಲಿಸಬೇಡಿ. ಕಾರಣ ಆಮೇಲೆ.

ನೀವು ಕೇಳಿರುವುದು 2022ರಲ್ಲಿ ಲಂಡನ್ನಿನ ಮನೋವೈದ್ಯೆ ಜೊವಾನಾ ಮಾಂಕ್ರಿಫ್ ಮತ್ತು ಸಂಗಡಿಗರು ಪ್ರಕಟಿಸಿದ ವಿಮರ್ಶೆಯ ಸುದ್ದಿ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದರೂ ಖಿನ್ನತೆ ಇರುವವರಲ್ಲಿ ಸೆರೊಟೋನಿನ್ ಕಡಿಮೆ ಇರುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ ಎಂದರು. ಈ ಕ್ಷೇತ್ರದಲ್ಲಿರುವ ನಮಗೆ ಇದು ಹೊಸದಲ್ಲ. ಕೊರತೆಯ ಆ ಊಹೆ ಹುಟ್ಟಿದ್ದೇ ಔಷಧಿಗಳಿಂದ. 1950ರ ದಶಕದಲ್ಲಿ ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಅನ್ನು ಬಿಪಿಗೆ ಕೊಟ್ಟಾಗ ಕೆಲವರು ಮಂಕಾದರು. ಕ್ಷಯಕ್ಕೆ ಕೊಟ್ಟ ಇಪ್ರೊನಿಯಜಿಡ್‌ನಿಂದ ರೋಗಿಗಳು ಗೆಲುವಾದರು. ಮೊದಲನೆಯದು ಮೆದುಳಿನಲ್ಲಿ ಸೆರೊಟೋನಿನ್‌ನಂಥ ರಾಸಾಯನಿಕಗಳನ್ನು ಇಳಿಸುತ್ತದೆ, ಎರಡನೆಯದು ಏರಿಸುತ್ತದೆ. ಹಾಗಾದರೆ ಕೊರತೆಯೇ ಕಾಯಿಲೆ ಇರಬೇಕು ಎಂದುಕೊಂಡರು. ಊಹೆಯಾಗಿ ಅದು ಒಳ್ಳೆಯದೇ. ಅದನ್ನು ಸತ್ಯವೆಂಬಂತೆ ಹೇಳಿದ್ದು ತಪ್ಪು. ‘ಮನಸ್ಸು ಗಟ್ಟಿ ಮಾಡ್ಕೊ’ ಅನ್ನಿಸಿಕೊಂಡು ಕುಗ್ಗಿಹೋಗಿ ಬಂದವರಿಗೆ ‘ಮೆದುಳಲ್ಲಿ ಕೆಮಿಕಲ್ ಕಮ್ಮಿ ಆಗಿದೆ, ಅಷ್ಟೇ’ ಎಂದರೆ ಮುಖ ಅರಳುತ್ತಿತ್ತು. ನಾನೂ ಎಷ್ಟೋ ವರ್ಷ ಹಾಗೆ ಹೇಳಿದ್ದೇನೆ, ಹೇಳಬಾರದಿತ್ತು.

ಈ ಮಾತ್ರೆ ಸೆರೊಟೋನಿನ್ ಮೇಲೆ ಕೆಲಸ ಮಾಡಲು ಕೆಲವೇ ಗಂಟೆ ಸಾಕು. ಮನಸ್ಸು ತಿಳಿಯಾಗಲು ವಾರಗಳು ಬೇಕು. ಕೊರತೆ ತುಂಬುವುದಷ್ಟೇ ಕೆಲಸವಾಗಿದ್ದರೆ ಇಷ್ಟು ತಡ ಯಾಕೆ? ನಡುವೆ ನರಕೋಶಗಳ ಸಂಪರ್ಕಗಳು ನಿಧಾನವಾಗಿ ಬದಲಾಗುತ್ತಿರಬಹುದು. ನಾವು ಹುಡುಕುತ್ತಿರುವುದು ಅದನ್ನೇ. ಅರಿವಳಿಕೆಯ ಔಷಧಿ ಕೆಟಮೈನ್ ಅನ್ನೂ ಖಿನ್ನತೆಗೆ ಬಳಸುತ್ತಾರೆ. ಅದು ಹಿಡಿಯುವ ದಾರಿಯೇ ಬೇರೆ, ಗ್ಲುಟಮೇಟ್ ಎಂಬ ಇನ್ನೊಂದು ಮೆದುಳಿನ ರಾಸಾಯನಿಕದ್ದು. ಕೆಲವರಿಗೆ ಗಂಟೆಗಳಲ್ಲೇ ಹಗುರಾಗುತ್ತದೆ.

ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಜನ ನಂಬಿದ್ದ ಕಾಲದಲ್ಲೂ ಕ್ವಿನೈನ್ ಚಳಿಜ್ವರ ಇಳಿಸುತ್ತಿತ್ತು. ವಿವರಣೆ ಸುಳ್ಳಾಗಿದ್ದಕ್ಕೆ ಔಷಧಿ ಸುಳ್ಳಾಗಲಿಲ್ಲ. ಇಲ್ಲೂ ಅಷ್ಟೇ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯಲ್ಲಿ 522 ಪ್ರಯೋಗಗಳು, 1.16 ಲಕ್ಷಕ್ಕೂ ಹೆಚ್ಚು ಜನ. ಖಿನ್ನತೆಯ 21 ಔಷಧಿಗಳೂ ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಮೇಲು ಎಂದು ಕಂಡುಬಂತು. ಲಾಭ ಭಾರಿ ಅಲ್ಲ, ಸಾಧಾರಣ. ಎಲ್ಲರಿಗೂ ಮೊದಲ ಮಾತ್ರೆಯೇ ಒಗ್ಗುವುದೂ ಇಲ್ಲ. ನಿಮಗೆ ಒಗ್ಗಿದೆ, ಅದನ್ನು ಕೆಡಿಸಿಕೊಳ್ಳಬೇಡಿ.

ಮೊನ್ನೆ ಒಬ್ಬರು ಗೋಡೆ ಹಿಡಿದುಕೊಂಡೇ ಒಳಗೆ ಬಂದರು. ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದ ಹಾಗೆ, ತಲೆಸುತ್ತು, ರಾತ್ರಿಯೆಲ್ಲ ಕೆಟ್ಟ ಕನಸು. ಹೆಂಡತಿ ಬ್ಯಾಗಿನಿಂದ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು, ಆರು ಮಾತ್ರೆ ಹಾಗೇ ಇದ್ದವು. ಯಾವುದೋ ವಿಡಿಯೊ ನೋಡಿ ಒಮ್ಮೆಲೇ ಬಿಟ್ಟಿದ್ದರು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಲೆಕ್ಕ ಗುಣವಾದ ದಿನದಿಂದ, ಮೊದಲ ಮಾತ್ರೆಯ ದಿನದಿಂದಲ್ಲ. ಬಿಡುವಾಗಲೂ ನಿಮ್ಮ ಡಾಕ್ಟರನ್ನು ಕೇಳಿಕೊಂಡು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ. ನಾನಂತೂ ಈ ವಿಷಯದಲ್ಲಿ ಆತುರದವನಲ್ಲ.

ಪ್ರಶ್ನೆ: ರಕ್ತದಲ್ಲಿ ಸೆರೊಟೋನಿನ್ ಪರೀಕ್ಷೆ ಮಾಡಿಸಲೇ? ಮೆದುಳಿನ ಸ್ಕ್ಯಾನ್?

ಖಿನ್ನತೆ ಪತ್ತೆಗೆ ಎರಡೂ ದುಡ್ಡು ದಂಡ. ದೇಹದ ಸೆರೊಟೋನಿನ್ ಬಹುಪಾಲು ತಯಾರಾಗುವುದು ಕರುಳಿನಲ್ಲಿ, ಅದು ಮೆದುಳಿಗೆ ದಾಟುವುದಿಲ್ಲ. ಥೈರಾಯ್ಡ್ ತೊಂದರೆಯೂ ಖಿನ್ನತೆಯಂತೆ ಕಾಣಬಹುದು, ಆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಊರಿಗೆ ಬರುವ ವೈದ್ಯರೊಬ್ಬರು ನರದೌರ್ಬಲ್ಯಕ್ಕೆಂದು ಪುಡಿ ಕೊಡುತ್ತಾರೆ. ಮಾತ್ರೆ ಬಿಟ್ಟು ಇದೊಂದೇ ಸಾಕಂತೆ.

ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆದಿದೆಯೇ? ಇಲ್ಲದಿದ್ದರೆ ಎಸೆಯಿರಿ. ಮಾತ್ರೆ ಬಿಡಿ ಎಂದು ಹೇಳಿ ಊರು ಬಿಟ್ಟು ಹೋಗುವವನು ವೈದ್ಯನಲ್ಲ.

ಪ್ರಶ್ನೆ: ಅಮ್ಮನಿಗೆ ಕರೆಂಟ್ ಕೊಡಬೇಕು ಅಂದಿದ್ದಾರೆ, ಭಯ.

ಸಿನಿಮಾದಲ್ಲಿ ನೋಡಿದ್ದನ್ನು ಮರೆತುಬಿಡಿ. ಈ ವಿದ್ಯುತ್ ಚಿಕಿತ್ಸೆಯನ್ನು (ಇಸಿಟಿ) ಅರಿವಳಿಕೆ ಇಲ್ಲದೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ತೀವ್ರ ಖಿನ್ನತೆಗೆ ಇದಕ್ಕಿಂತ ಪರಿಣಾಮಕಾರಿ ಚಿಕಿತ್ಸೆ ಅಪರೂಪ.

ಪ್ರಶ್ನೆ: ತಂಗಿ ‘ಬದುಕಿ ಏನು ಪ್ರಯೋಜನ’ ಅನ್ನುತ್ತಿದ್ದಾಳೆ. ಮುಂದಿನ ಸಂಚಿಕೆಯಲ್ಲಿ ಉತ್ತರಿಸಿ.

ಸಂಚಿಕೆಗೆ ಕಾಯುವ ವಿಷಯವೇ ಇದು? ಅವಳನ್ನು ಒಂಟಿಯಾಗಿ ಬಿಡಬೇಡಿ, ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೊರಡುವ ಮುಂಚೆ ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.