ನೊಣದ ರೆಕ್ಕಿಗೆ ಕರೆಂಟ್ ಎಲ್ಲಿಂದ ಬರ್ತದ?

ಪ್ರಶ್ನೆ (ಗಂಗಾವತಿ): ಸರ್, ಭತ್ತದ ಸೀಸನ್‌ನ್ಯಾಗ ನಮ್ಮ ಕಡಿ ರಾತ್ರಿ ಟ್ಯೂಬ್‌ಲೈಟ್ ಹಾಕಿದ್ರ ಸಾಕು ಹುಳ ಮುತ್ತಿಬಿಡ್ತಾವ, ತಾಸುಗಟ್ಲೆ ಹಾರ್ತಾನ ಇರ್ತಾವ. ಬಿಎಸ್ಸಿ ಓದೋ ಮಗಳು ಹೇಳ್ತಾಳ ಅವುಗಳ ಸ್ನಾಯುದಾಗ ಗ್ಲೈಕೋಜೆನ್ ಇರ್ತದ ಅದ್ರಿಂದ ಅಂತ. ಗ್ಲೈಕೋಜೆನ್ ನಮ್ಮ ಮೈಯಾಗೂ ಅದಲ್ರಿ, ನಾ ಎರಡು ಮಾಳಿಗಿ ಹತ್ತಿದ್ರ ಕಾಲು ಸೋತು ಬರ್ತಾವ. ಅವಕ್ಯಾಕ ಸೋಲಂಗಿಲ್ಲ?

ಉತ್ತರ: ಮಗಳು ಹೇಳಿದ್ದು ಖರೇನ. ಆದ್ರ ನಿಮ್ಮ ಅನುಮಾನನೂ ಸರಿ ಅದ, ಸಾಮಾನು ಎರಡೂ ಕಡಿ ಒಂದೇ ಆದ್ರೂ ಅದನ್ನ ಇಡೋ ಜಾಗ, ಸುಡೋ ರೀತಿ ಪೂರಾ ಬ್ಯಾರೆ. ಗ್ಲೈಕೋಜೆನ್ ಅಂದ್ರ ಸಾವಿರಗಟ್ಲೆ ಗ್ಲೂಕೋಸ್ ಅಣುಗಳನ್ನ ಟೊಂಗಿ ಟೊಂಗಿಯಾಗಿ ಜೋಡಿಸಿಟ್ಟ ದಾಸ್ತಾನು. ನಮಗ ಲಿವರ್‌ದಾಗ ಹೆಚ್ಚುಕಮ್ಮಿ 100 ಗ್ರಾಂ, ಸ್ನಾಯುಗಳಾಗ ಎಲ್ಲಾ ಕೂಡಿ 400 ಗ್ರಾಂ ಇರ್ತದ. ನೊಣದ ಎದಿಯಾಗ ಇರೋದು ತಕ್ಕಡಿಗೆ ಹಾಕಿದ್ರ ಮುಳ್ಳು ಅಲುಗಂಗಿಲ್ಲ ಅಷ್ಟು, ಆದ್ರ ಅದು ರೆಕ್ಕಿ ಬಡಿಯೋ ಸ್ನಾಯುವಿನ ಎಳಿಗಳ ನಡುವ, ಸಕ್ಕರಿ ಸುಟ್ಟು ಶಕ್ತಿ ತಯಾರಿಸೋ ಜೀವಕೋಶದ ಸಣ್ಣ ಬಾಯ್ಲರ್ ಅನ್ನಬಹುದಾದ ಮೈಟೋಕಾಂಡ್ರಿಯಾದ ಮಗ್ಗಲಾಗ ಕೂತಿರ್ತದ.

ರಾಯಚೂರು ಕಡಿ ಬಂದೋರು ಶಕ್ತಿನಗರದ ಥರ್ಮಲ್ ಪ್ಲಾಂಟ್ ನೋಡೇ ಇರ್ತೀರಿ. ಬಾಯ್ಲರ್ ಹತ್ರ ಬಿದ್ದಿರೋ ಕಲ್ಲಿದ್ದಲ ರಾಶಿ ಅಂದ್ರ ಸ್ನಾಯುವಿನ ಗ್ಲೈಕೋಜೆನ್, ರೈಲಿನ್ಯಾಗ ಬರ್ತಾ ಇರೋದು ಹುಳದ ರಕ್ತದಾಗಿನ ಸಕ್ಕರಿ, ದೂರದ ಗಣಿ ಅಂದ್ರ ಹುಳದ ಹೊಟ್ಟಿಯಾಗಿನ ಫ್ಯಾಟ್ ಬಾಡಿ. ನಮ್ಮ ಲಿವರ್ ಮಾಡೋ ಕೆಲಸ ಭಾಳಷ್ಟು ಹುಳದಾಗ ಈ ಫ್ಯಾಟ್ ಬಾಡಿನೇ ಮಾಡ್ತದ, ಅಲ್ಲೂ ಗ್ಲೈಕೋಜೆನ್ ಇರ್ತದ, ಕೊಬ್ಬೂ ಇರ್ತದ. ರೈಲಿನ ಸಕ್ಕರಿ ಗ್ಲೂಕೋಸ್ ಅಲ್ಲ, ಟ್ರೆಹಲೋಸ್, ಅಂದ್ರ ಎರಡು ಗ್ಲೂಕೋಸ್ ಬೆನ್ನಿಗೆ ಬೆನ್ನು ಕೂಡಿಸಿದ್ದು. ನಮ್ಮ ರಕ್ತದಾಗ ಸಕ್ಕರಿ ಎಷ್ಟಿರ್ತದೋ ಅದರ ಹತ್ತು ಪಟ್ಟು, ಕೆಲವು ಸಲ ಇನ್ನೂ ಹೆಚ್ಚು ಟ್ರೆಹಲೋಸ್ ಹುಳದ ರಕ್ತದಾಗ ಇರ್ತದ, ಅವಕ್ಕ ಶುಗರ್ ಟೆಸ್ಟ್ ಮಾಡಿದ್ರ ಡಾಕ್ಟರ್ ಗಾಬರಿ ಬೀಳ್ತಾರ ಬಿಡ್ರಿ.

ಈಗ ಹಾರೋದು ಶುರು ಆಗೋ ಕ್ಷಣ ನೋಡ್ರಿ, ನನಗ ಇದೇ ಭಾಳ ಇಷ್ಟದ ಭಾಗ. ಮೆದುಳಿನಿಂದ ಆರ್ಡರ್ ಬಂದ ಕೂಡಲೇ ಸ್ನಾಯುವಿನೊಳಗ ಕ್ಯಾಲ್ಸಿಯಂ ಬಿಡುಗಡೆ ಆಗ್ತದ, ಆ ಕ್ಯಾಲ್ಸಿಯಂನಿಂದ ಸ್ನಾಯು ಸಂಕುಚಿತ ಆಗ್ತದ, ಅದೇ ಕ್ಯಾಲ್ಸಿಯಂ ಇನ್ನೊಂದು ಕಡಿ ಫಾಸ್ಫಾರಿಲೇಸ್ ಅನ್ನೋ ಎನ್‌ಜೈಮ್‌ನೂ ಎಬ್ಬಿಸ್ತದ, ಅದು ಗ್ಲೈಕೋಜೆನ್ ಟೊಂಗಿ ತುದಿಯಿಂದ ಒಂದೊಂದೇ ಗ್ಲೂಕೋಸ್ ಕಿತ್ತು ಕೊಡ್ತದ. ಅಂದ್ರ ಕೆಲಸಕ್ಕ ಹಚ್ಚೋ ಸಿಗ್ನಲ್ಲೂ ಇಂಧನ ಬಿಡೋ ಸಿಗ್ನಲ್ಲೂ ಒಂದೇ, ನಡುವ ಕಾಯೋ ಮಾತೇ ಇಲ್ಲ. ಕೂತ ನೊಣ ಹಾರಿದ್ರ ಅದರ ಆಕ್ಸಿಜನ್ ಖರ್ಚು 50 ರಿಂದ 100 ಪಟ್ಟು ಏರ್ತದ. ಮನುಷ್ಯ ಜೀವ ಕೈಯಾಗ ಹಿಡಕೊಂಡು ಓಡಿದ್ರೂ 20 ಪಟ್ಟು ದಾಟೋದು ಕಷ್ಟ ಅದ.

ಇನ್ನ ನಿಮ್ಮ ಕಾಲು ಸೋಲೋ ವಿಷಯ. ಜೋರಾಗಿ ಹತ್ತಿದಾಗ ರಕ್ತ ತಂದುಕೊಡೋ ಆಕ್ಸಿಜನ್ ಸಾಲಂಗಿಲ್ಲ, ಆಗ ಸ್ನಾಯು ಗ್ಲೂಕೋಸನ್ನ ಅರ್ಧಂಬರ್ಧ ಒಡೆದು ಲ್ಯಾಕ್ಟೇಟ್ ಮಾಡಿ ಬಿಡ್ತದ, ಒಂದು ಗ್ಲೂಕೋಸಿಗೆ ಸಿಗೋದು ಎರಡೇ ಎಟಿಪಿ (ಸ್ನಾಯು ಕೆಲಸಕ್ಕ ಖರ್ಚು ಮಾಡೋ ಶಕ್ತಿಯ ಚಿಲ್ಲರೆ ನಾಣ್ಯ ಅನ್ರಿ). ಪೂರಾ ಸುಟ್ರ 30 ರ ಆಸುಪಾಸು ಸಿಗ್ತದ. ಹುಳದಾಗ ಆಕ್ಸಿಜನ್ ರಕ್ತದ ಮ್ಯಾಲೆ ಬರಂಗೇ ಇಲ್ಲ, ಮೈಯ ಮಗ್ಗಲಾಗಿನ ತೂತಿನಿಂದ ಸಣ್ಣ ಗಾಳಿ ಕೊಳವಿಗಳು ಸೀದಾ ಸ್ನಾಯುವಿನ ಎಳಿತನಕ ಹೋಗ್ತಾವ. ಹಾರೋ ಸ್ನಾಯುದಾಗ ಕೆಲವು ಜಾತಿಗಳಲ್ಲಿ 40 ಪರ್ಸೆಂಟ್ ಜಾಗ ಮೈಟೋಕಾಂಡ್ರಿಯಾನೇ ತಿಂದಿರ್ತದ. ಅದಕ್ಕ ಅಲ್ಲಿ ಲ್ಯಾಕ್ಟೇಟ್ ರಾಶಿ ಬೀಳಂಗಿಲ್ಲ, ಸಕ್ಕರಿ ಪೂರಾ ಸುಟ್ಟು ಕಾರ್ಬನ್ ಡೈಆಕ್ಸೈಡ್, ನೀರು ಆಗಿ ಹೋಗ್ತದ.

ಹಂಗಂತ ಸೋಲೋದೇ ಇಲ್ಲ ಅಂತಲ್ಲ. 1949 ರಾಗ ವಿನ್ಸೆಂಟ್ ವಿಗಲ್ಸ್‌ವರ್ತ್ ಅನ್ನೋ ಇಂಗ್ಲೆಂಡಿನ ವಿಜ್ಞಾನಿ ಬಾಳೆಹಣ್ಣಿನ ಮ್ಯಾಲೆ ಕೂಡೋ ಸಣ್ಣ ನೊಣ ಡ್ರೊಸೊಫಿಲಾನ ಸೋಲೋತನಕ ಹಾರಿಸಿ ನೋಡಿದ್ರು. ಗ್ಲೈಕೋಜೆನ್ ಖಾಲಿ ಆಗಿತ್ತು, ಮೈಯಾಗ ಕೊಬ್ಬು ಇನ್ನೂ ಇತ್ತು, ಆದ್ರೂ ಹಾರಲಿಲ್ಲ. ಗ್ಲೂಕೋಸ್ ಕುಡಿಸಿದ್ರ ಒಂದು ನಿಮಿಷದೊಳಗ ಮತ್ತ ಎದ್ದು ಹಾರ್ತು! ನಿಮ್ಮ ಟ್ಯೂಬ್‌ಲೈಟ್ ಹುಳನೂ ಗಮನ ಇಟ್ಟು ನೋಡ್ರಿ, ತಾಸುಗಟ್ಲೆ ಹಾರೋದು ಒಂದೇ ಹುಳ ಅಲ್ಲ, ಒಂದಿಷ್ಟು ಗೋಡಿಗೆ ಕೂತಿರ್ತಾವ, ಒಂದಿಷ್ಟು ಹೊಸದಾಗಿ ಬರ್ತಾ ಇರ್ತಾವ.

ಪ್ರಶ್ನೆ (ಸಿರುಗುಪ್ಪ): 2020 ರಾಗ ಮಿಡತಿ ದಂಡು ರಾಜಸ್ಥಾನದಿಂದ ಮಹಾರಾಷ್ಟ್ರದತನ ಬಂತಲ್ಲ, ಅಷ್ಟು ದೂರಕ್ಕೂ ಗ್ಲೈಕೋಜೆನ್ ಸಾಕಾಗ್ತದೇನ್ರಿ?

ಉತ್ತರ: ಸಾಕಾಗಂಗಿಲ್ಲ. ಗ್ಲೈಕೋಜೆನ್ ತೂಕದ ಸಾಮಾನು, ಒಂದು ಗ್ರಾಂ ಇಟ್ರ ಅದ್ರ ಜೋಡಿ ಮೂರು ಗ್ರಾಂ ಹತ್ರ ನೀರೂ ಹೊರಬೇಕು. ಕೊಬ್ಬಿಗೆ ನೀರಿನ ಕಾಟ ಇಲ್ಲ, ಮ್ಯಾಲೆ ಗ್ರಾಂ ಲೆಕ್ಕದಾಗ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ. ಅದಕ್ಕ ಮಿಡತಿ ಮೊದಲ ಒಂದಿಷ್ಟು ಹೊತ್ತು ಸಕ್ಕರಿ ಮ್ಯಾಲೆ ಹಾರ್ತದ, ಅಷ್ಟರಾಗ ಮೆದುಳಿನ ಹಿಂದಿನ ಸಣ್ಣ ಗ್ರಂಥಿಯಿಂದ ಅಡಿಪೊಕೈನೆಟಿಕ್ ಅನ್ನೋ ಹಾರ್ಮೋನ್ ಬಂದು ಫ್ಯಾಟ್ ಬಾಡಿಯಿಂದ ಕೊಬ್ಬು ಬಿಡಿಸ್ತದ, ಆಮ್ಯಾಲೆ ಗಾಡಿ ಕೊಬ್ಬಿನ ಮ್ಯಾಲೆ ಓಡ್ತದ. ಆಫ್ರಿಕಾದ ತ್ಸೆತ್ಸೆ ನೊಣ ಇನ್ನೊಂದು ಥರ, ಅದು ಹಾರೋದು ಪ್ರೋಲಿನ್ ಅನ್ನೋ ಅಮೈನೋ ಆಮ್ಲದ ಮ್ಯಾಲೆ. ಹುಳ ಅಂದ್ರ ಗ್ಲೈಕೋಜೆನ್ ಅಂತ ಒಂದೇ ಸಾಲಿನ್ಯಾಗ ಬರೆದು ಮುಗಿಸೋ ನೋಟ್ಸ್ ಕಂಡ್ರ ನನಗ ಆಗಂಗಿಲ್ಲ, ಅದಕ್ಕ ಇಷ್ಟು ಹೇಳಿದೆ.

ಪ್ರಶ್ನೆ (ಸಿಂಧನೂರು): ಸೊಳ್ಳಿ ನಮ್ಮ ರಕ್ತದ ಶಕ್ತಿಯಿಂದಾನ ಹಾರೋದು?

ಉತ್ತರ: ಅಲ್ಲ. ರಕ್ತ ಮುಖ್ಯವಾಗಿ ತತ್ತಿಗೆ, ಅದೂ ಹೆಣ್ಣಿಗೆ ಮಾತ್ರ. ಹಾರೋ ಗ್ಲೈಕೋಜೆನ್ ತುಂಬೋದು ಹೆಚ್ಚಾಗಿ ಹೂವಿನ ಮಕರಂದದಿಂದ, ಗಂಡು ಸೊಳ್ಳಿ ಜೀವನಪೂರ್ತಿ ಅದನ್ನೇ ಕುಡೀತದ.

ಪ್ರಶ್ನೆ (ಕುಷ್ಟಗಿ): ಸೂರ್ಯಕಾಂತಿ ಹೊಲದಾಗ ಮುಂಜಾನೆ ಜೇನುಹುಳ ನೆಲಕ್ಕ ಬಿದ್ದಿರ್ತಾವ. ಬೆಲ್ಲದ ನೀರು ಇಟ್ರ ಏಳ್ತಾವೇನ್ರಿ?

ಉತ್ತರ: ಜೇನುಹುಳದ ಸ್ನಾಯುದಾಗ ಗ್ಲೈಕೋಜೆನ್ ಭಾಳ ಕಮ್ಮಿ, ಅದು ಹೊಟ್ಟಿಯಾಗ ತುಂಬಿಕೊಂಡು ಬಂದ ಮಕರಂದದ ಮ್ಯಾಲೇ ನಡೀತದ, ಹಂಗಾಗಿ ಖಾಲಿ ಆದ್ರ ಬೀಳೋದು ಉಂಟು. ಆದ್ರ ಮುಂಜಾನೆ ಆದ್ರ ಮೊದಲು ಥಂಡಿ ಅನ್ನೋದು ನೋಡ್ರಿ, ಎದಿ ಬೆಚ್ಚಗ ಆಗದ ಹೊರತು ಸಕ್ಕರಿ ಇದ್ರೂ ಅದಕ್ಕ ಏಳಾಕ ಆಗಂಗಿಲ್ಲ, ಬಿಸಿಲು ಬಿದ್ದ ಮ್ಯಾಲೆ ತಾನಾ ಎದ್ದು ಹೋದ್ರ ಚಿಂತಿ ಇಲ್ಲ. ಕೊಡೋದೇ ಇದ್ರ ಬಿಳಿ ಸಕ್ಕರಿ ನೀರು ಒಂದು ಹನಿ ಕೊಡ್ರಿ, ಬೆಲ್ಲ ಅವಕ್ಕ ಹೊಟ್ಟಿ ಕೆಡಿಸ್ತದ, ಅಂಗಡಿ ಜೇನುತುಪ್ಪದಾಗ ಜೇನಿನ ಮರಿ ಕೊಲ್ಲೋ ಫೌಲ್‌ಬ್ರೂಡ್ ರೋಗದ ಬೀಜಾಣು ಇರಬಹುದು, ಅದು ಬ್ಯಾಡ. ಬಿಸಿಲೇರಿದ ಮ್ಯಾಲೂ ನಾಲಿಗಿ ಹೊರಚಾಚಿ ಬಿದ್ದು ಒದ್ದಾಡ್ತಿದ್ರ ಅದು ಹಸಿವಲ್ಲ, ಬೆಳಿಗೆ ಕೀಟನಾಶಕದ ಎಣ್ಣಿ ಹೊಡೆದಿದ್ದರ ಪರಿಣಾಮ ಅಂತ ಅನುಮಾನ ಪಡ್ರಿ. ಪಕ್ಕದ ಹೊಲದೋರಿಗೂ ಹೇಳ್ರಿ, ಹೂವಿನ ಟೈಮಿನ್ಯಾಗ ಹೊಡೀಲೇಬೇಕಂದ್ರ ಹುಳ ಗೂಡಿಗೆ ಹೋದ ಮ್ಯಾಲೆ ಸಂಜಿಕಿ ಹೊಡೀರಿ ಅಂತ.