ಪ್ರಶ್ನೆ: ಕೊಡಗಿನ ಎಡಕುಮೇರಿ ರೈಲ್ವೆ ಸ್ಟೇಷನ್ ದೆವ್ವದ ಕಾಟಕ್ಕೆ ಮುಚ್ಚಿದ್ದಾ? ಈಗ ತೆರೆದಿದ್ಯಂತೆ, ಹೋಗ್ಬಹುದಾ?

ಮೊದ್ಲು ಎರಡು ತಿದ್ದುಪಡಿ. "ಕೊಡಗಿನ ಎಡಕುಮೇರಿ" ಅಂತ ಬರ್ದಿದ್ದೀರ, ಕೊಡಗಲ್ಲಿ ಮುಚ್ಚೋದಕ್ಕೆ ಒಂದು ಸ್ಟೇಷನ್ ಆದ್ರೂ ಇರ್ಬೇಕಲ್ವಾ ಸಾರ್? ಮಡಿಕೇರಿ ರಾಜಾಸೀಟಲ್ಲಿ ಮಕ್ಕಳಿಗೆ ಅಂತ ಓಡಿಸ್ತಿದ್ದ ಪುಟಾಣಿ ರೈಲು ಬಿಟ್ರೆ ನಮ್ಮ ಜಿಲ್ಲೇಲಿ ಹಳಿ ಅನ್ನೋದೇ ಇಲ್ಲ. ಮೈಸೂರು-ಕುಶಾಲನಗರ ಲೈನು, 87 ಕಿಲೋಮೀಟರ್, ಬಂದೇಬಿಡ್ತು ಅಂತ ಎಲೆಕ್ಷನ್ ಹತ್ರ ಬಂದಾಗೆಲ್ಲ ಕೇಳ್ತೀವಿ, ಕೇಳಿ ಕಾಫಿ ಕುಡಿದು ಬಸ್ ಹತ್ತುತೀವಿ. ಎಡಕುಮೇರಿ ಇರೋದು ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಲ್ಲಿ, ಹಾಸನ-ಮಂಗಳೂರು ರೈಲು ಲೈನಲ್ಲಿ. ನಾನು ಸೋಮವಾರಪೇಟೆ ಕಡೆಯವನು, ನಮ್ಮ ಕಡೆಯವರಿಗೆ ರೈಲು ಅಂದ್ರೆ ಆ ಲೈನೇ, ಅದಕ್ಕೆ ಬಾಯಿ ಹಾಕ್ತಿದ್ದೀನಿ.

ಎರಡನೇದು ದೆವ್ವ. ನೀವು ಓದಿರೋದು ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯ ಬೇಗುನ್‌ಕೋದರ್ ಸ್ಟೇಷನ್ ಬಗ್ಗೆ. ಬಿಳಿ ಸೀರೆ ಹೆಂಗಸು ಕಾಣಿಸ್ಕೊಂಡ್ಳು ಅಂತ 1967ರಲ್ಲಿ ಮುಚ್ಚಿ 2009ರಲ್ಲಿ ಮತ್ತೆ ತೆರೆದ್ರು. ಎಡಕುಮೇರೀಲಿ ರಕ್ತ ಕುಡಿಯೋದು ಇಂಬಳ (ಜಿಗಣೆ) ಮಾತ್ರ, ಅದಂತೂ ಗ್ಯಾರಂಟಿ.

ಹಾಸನ-ಮಂಗಳೂರು ಲೈನು ಶುರುವಾಗಿದ್ದು 1979ರಲ್ಲಿ, ಮೀಟರ್ ಗೇಜ್. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿಲೋಮೀಟರ್ ಬರೀ ಘಾಟಿ, 57 ಸುರಂಗ, 109 ಸೇತುವೆ, 50 ಅಡಿ ಹೋದ್ರೆ ಒಂದು ಅಡಿ ಇಳಿಯೋ ಹಾಗೆ ಇಳಿಜಾರು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಇವೆಲ್ಲ ಆ ಕಾಡೊಳಗಿನ ಸ್ಟೇಷನ್‌ಗಳು. ನಾನು ನಾಲ್ಕನೇ ಕ್ಲಾಸಲ್ಲಿದ್ದಾಗ ಅಜ್ಜ ಷಷ್ಠಿಗೆ ಕುಕ್ಕೆಗೆ ಕರ್ಕೊಂಡು ಹೋಗಿದ್ರು, ಬೆಳಗಾಗೋ ಮೊದ್ಲು ಶನಿವಾರಸಂತೆ, ಕೊಡ್ಲಿಪೇಟೆ ಮೇಲೆ ಬಸ್ಸಲ್ಲಿ ಸಕಲೇಶಪುರ, ಅಲ್ಲಿಂದ ರೈಲು. ಸುರಂಗ ಬಂದಾಗೆಲ್ಲ ಬೋಗೀಲಿದ್ದವರೆಲ್ಲ ಹೋ ಅಂತ ಕೂಗೋರು, ನಾನು ಬೆರಳು ಮಡಚಿ ಸುರಂಗ ಎಣಿಸ್ತಿದ್ದೆ, ಇಪ್ಪತ್ತೋ ಇಪ್ಪತ್ತೈದೋ ಆದ್ಮೇಲೆ ಲೆಕ್ಕ ತಪ್ಪಿತು, ಅಜ್ಜ ಮಾತ್ರ ಚಟ್ನಿ ಮೆತ್ತಿದ ಇಡ್ಲಿ ಪೊಟ್ಟಣ ತೊಡೆ ಮೇಲೆ ಇಟ್ಕೊಂಡು ಸ್ಟೇಷನ್ ಬಂದಾಗ ತಿನ್ನೋಣ ಸ್ಟೇಷನ್ ಬಂದಾಗ ತಿನ್ನೋಣ ಅಂತ ಎಡಕುಮೇರಿ ತನಕ ಕಾಯಿಸಿದ್ರು.

1996ರಲ್ಲಿ ಬ್ರಾಡ್ ಗೇಜ್ ಮಾಡ್ತೀವಿ ಅಂತ ಲೈನು ನಿಲ್ಲಿಸಿದ್ರು. ಹಳಿ ನಡುವಿನ ಅಗಲ 1000 ಮಿಲಿಮೀಟರ್ ಇದ್ದಿದ್ದು 1676 ಆಗ್ಬೇಕು, ಬಾಯಲ್ಲಿ ಹೇಳೋಕೆ ಸುಲಭ. ವರ್ಷಗಟ್ಟಲೆ ಕೆಲಸ ಕುಂಟ್ತಾ ಹೋಯ್ತು. ಆಮೇಲೆ 2003ರಲ್ಲಿ ರಾಜ್ಯ ಸರ್ಕಾರ, ರೈಲ್ವೆ ಸೇರಿ ಈ ಲೈನಿಗೇ ಅಂತ ಒಂದು ಕಂಪನಿ ಮಾಡಿದ ಮೇಲೆ ವೇಗ ಬಂತು. ನಿಜ ಹೇಳ್ಬೇಕಂದ್ರೆ ಅವಸರ ಇದ್ದಿದ್ದು ನಮ್ಮಂಥ ಕುಕ್ಕೆ ಯಾತ್ರಿಕರಿಗಾಗಿ ಅಲ್ಲ, ಮಂಗಳೂರು ಬಂದರಿಗೆ ಅದಿರು ಸಾಗಿಸೋದಕ್ಕೆ ಅನ್ನೋದು ನನ್ನ ಅಭಿಪ್ರಾಯ. 2006ರ ಮೇ ತಿಂಗಳಲ್ಲಿ ಗೂಡ್ಸ್ ಗಾಡಿ ಓಡ್ತು, ಜನ ಕೂರೋ ರೈಲು ಬರೋದಕ್ಕೆ 2007ರ ಡಿಸೆಂಬರ್ ಆಯ್ತು. ಹನ್ನೊಂದು ವರ್ಷ! ಅಷ್ಟರಲ್ಲಿ ಅಜ್ಜ ಇರ್ಲಿಲ್ಲ.

ಆ ಮುಚ್ಚಿದ್ದ ಕಾಲದಲ್ಲೇ ಎಡಕುಮೇರಿ ಫೇಮಸ್ ಆಗಿದ್ದು, ಇದು ತಮಾಷೆ. ರೈಲು ಇಲ್ಲ ಅಂತ ಬೆಂಗಳೂರಿನ ಹುಡುಗರೆಲ್ಲ ಹಳಿ ಮೇಲೆ ಟ್ರೆಕ್ಕಿಂಗ್ ಬರೋಕೆ ಶುರು ಮಾಡಿದ್ರು, ಕಾಲೇಜಲ್ಲಿದ್ದಾಗ ನಾವು ಐದು ಜನಾನೂ ಹೋಗಿದ್ವಿ. ಸ್ಲೀಪರ್ (ಹಳಿ ಅಡಿಯ ಅಡ್ಡಪಟ್ಟಿ) ಮೇಲೆ ನಡೆಯೋದು ಒಂದು ಹಿಂಸೆ, ಒಂದೊಂದೇ ಮೆಟ್ಟಿದ್ರೆ ಹೆಜ್ಜೆ ಗಿಡ್ಡ, ಒಂದು ಬಿಟ್ಟು ಒಂದು ಮೆಟ್ಟಿದ್ರೆ ತೊಡೆ ಸಂದು ಕಿತ್ತುಬರುತ್ತೆ. ಸೇತುವೆ ಮೇಲೆ ಸ್ಲೀಪರ್ ಸಂದೀಲಿ ಎಷ್ಟೋ ಕೆಳಗೆ ಹೊಳೆ ಕಾಣುತ್ತೆ, ನಮ್ಮಲ್ಲೊಬ್ಬ ಕೂತ್ಕೊಂಡೇ ತೆವಳಿ ದಾಟಿದ (ಯಾರು ಅಂತ ಹೇಳಲ್ಲ). ಸುರಂಗದೊಳಗೆ ಬಾವಲಿ ಹಿಕ್ಕೆ ವಾಸನೆ. ರಾತ್ರಿ ಎಡಕುಮೇರಿ ಪ್ಲಾಟ್‌ಫಾರ್ಮ್ ಮೇಲೆ ಮಲಗಿದ್ವಿ, ಬೆಳಿಗ್ಗೆ ಸಾಕ್ಸ್ ಬಿಚ್ಚಿದ್ರೆ ಇಂಬಳ ಕುಡಿದು ದ್ರಾಕ್ಷಿ ಹಣ್ಣಿನ ಹಾಗೆ ಊದಿ ಕೂತಿತ್ತು, ಸುಣ್ಣ ಮುಟ್ಟಿಸಿದ ಮೇಲೆ ಉದುರ್ತು.

ಈಗ ನಿಮ್ಮ ಮೂರನೇ ಪ್ರಶ್ನೆ. ಹಳಿ ಮೇಲೆ ನಡ್ಕೊಂಡು ದಯವಿಟ್ಟು ಹೋಗ್ಬೇಡಿ. ಹಳೇ ಟ್ರೆಕ್ಕಿಂಗ್ ಬರಹ ಓದ್ಕೊಂಡು ಈಗ್ಲೂ ಹೋಗೋರಿದ್ದಾರೆ, ಆದ್ರೆ ಅದು ಆಗಿನ ಲೈನಲ್ಲ, ಗೂಡ್ಸ್ ಗಾಡಿ ಯಾವಾಗ ಬರುತ್ತೆ ಅಂತ ಯಾವ ಆಪೂ ಹೇಳಲ್ಲ, ಸುರಂಗದ ಮಧ್ಯ ಸಿಕ್ಕಿಹಾಕ್ಕೊಂಡ್ರೆ ಗೋಡೆಗೆ ಅಂಟ್ಕೋಬೇಕು ಅಷ್ಟೆ, ಅಲ್ದೆ ಕಾನೂನಿನ ಪ್ರಕಾರ ಅಪರಾಧ. ಮಳೆಗಾಲದಲ್ಲಂತೂ ಗುಡ್ಡದ ಮೇಲೆ ನಂಬಿಕೆ ಇಡ್ಬೇಡಿ. 2018ರ ಆಗಸ್ಟಲ್ಲಿ ನಮ್ಮಲ್ಲಿ ಮಕ್ಕಂದೂರು, ಮಾದಾಪುರ ಕಡೆ ಗುಡ್ಡ ಜಾರಿದಾಗಲೇ ಆ ಘಾಟಿಲೂ ಜಾರಿ ರೈಲು ವಾರಗಟ್ಟಲೆ ಬಂದ್ ಆಗಿತ್ತು. 2024ರ ಜುಲೈ ಕೊನೇಲಿ ಕಡಗರವಳ್ಳಿ-ಎಡಕುಮೇರಿ ನಡುವೆ ಹಳಿ ಕೆಳಗಿನ ಮಣ್ಣೇ ಹೋಗಿತ್ತು.

ಸ್ಟೇಷನ್ ತೆರೆದಿದೆ ಅಂದ್ರೆ ನಿಮಗೆ ತೆರೆದಿದೆ ಅಂತಲ್ಲ. ಎದುರಿಂದ ಬರೋ ಗಾಡಿಗೆ ದಾರಿ ಬಿಡೋದಕ್ಕೆ, ಕ್ರಾಸಿಂಗಿಗೆ ಅಂತ ಅದು ಬೇಕು, ಸುತ್ತ ಊರೂ ಇಲ್ಲ, ಸರಿಯಾದ ರಸ್ತೆನೂ ಇಲ್ಲ. ಹಗಲು ರೈಲಿಗೆ ಟಿಕೆಟ್ ಮಾಡ್ಸಿ, ಯಶವಂತಪುರದಿಂದ ಹೊರಡೋದ್ರಲ್ಲಿ 2021ರಿಂದ ಗಾಜಿನ ವಿಸ್ಟಾಡೋಮ್ ಬೋಗಿನೂ ಹಾಕಿದ್ದಾರೆ, ಆದ್ರೆ ನನ್ನ ಕೇಳಿದ್ರೆ ಕಿಟಕಿ ತೆಗೆಯೋಕೆ ಬರೋ ಮಾಮೂಲಿ ಬೋಗಿನೇ ವಾಸಿ, ಕಾಡಿನ ತಣ್ಣನೆ ಗಾಳಿ ಗಾಜಿಂದ ಒಳಗೆ ಬರಲ್ಲ. ಮಳೆ ನಿಂತ ಮೇಲೆ, ಅಕ್ಟೋಬರ್ ನವೆಂಬರಲ್ಲಿ ಹೋಗಿ.

ಹೋದ ಸಲ ನಾನು ಮಗಳನ್ನ ಕರ್ಕೊಂಡು ಹೋದಾಗ ರೈಲು ಎಡಕುಮೇರೀಲಿ ಹತ್ತು ನಿಮಿಷ ನಿಂತಿತ್ತು. ಒಬ್ರೂ ಇಳೀಲಿಲ್ಲ, ಒಬ್ರೂ ಹತ್ತಲಿಲ್ಲ. ಹಸಿರು ಬಾವುಟ ಹಿಡ್ಕೊಂಡು ನಿಂತಿದ್ದ ಸಿಬ್ಬಂದಿ ಒಬ್ರಿಗೆ ಮಗಳು ಕಿಟಕಿಯಿಂದ ಟಾಟಾ ಮಾಡಿದ್ಲು, ಅವ್ರೂ ಬಾವುಟ ಸುತ್ತಿ ಕಂಕುಳಲ್ಲಿ ಇಟ್ಕೊಂಡು ಟಾಟಾ ಮಾಡಿದ್ರು. ನಾವು ಇಡ್ಲಿ ಪೊಟ್ಟಣ ಅಲ್ಲೇ ಬಿಚ್ಚಿದ್ವಿ.