ಟೈರ್ ಎಷ್ಟು ದೊಡ್ಡದು ಬೇಕು? ಇಳಿಯೋ ನೆಲವನ್ನು ಕೇಳಿ

ಪ್ರಶ್ನೆ: ಸರ್, ನಮ್ಮದು ಮದ್ದೂರಿನ ಹತ್ತಿರ ಒಂದು ಹಳ್ಳಿ. ಇಪ್ಪತ್ತು ವರ್ಷ ಪಂಕ್ಚರ್ ಅಂಗಡಿ ನಡೆಸಿದವನು ನಾನು. ಮಗ ಅಮೆರಿಕದ ಅಲಾಸ್ಕದಲ್ಲಿ, ಆಂಕರೇಜ್ ಅನ್ನೋ ಊರಲ್ಲಿ ಕೆಲಸದಲ್ಲಿದ್ದಾನೆ. ಅಲ್ಲೇ ಪೈಲಟ್ ಲೈಸೆನ್ಸ್ ಮಾಡಿಕೊಂಡ. ಈಗ ಸ್ನೇಹಿತನ ಜೊತೆ ಸೇರಿ ಪೈಪರ್ ಸೂಪರ್ ಕಬ್ ಅನ್ನೋ ಎರಡು ಸೀಟಿನ ಹಳೇ ವಿಮಾನ ತಗೊಂಡಿದ್ದಾನೆ. ನದಿ ದಂಡೆಯ ಮೇಲೆಲ್ಲ ಇಳಿಸ್ತಾರಂತೆ. ಅದಕ್ಕೆ 35 ಇಂಚಿನ ಟೈರ್ ಹಾಕಿಸ್ತೀನಿ ಅಂತಾನೆ. ಫೋಟೊ ನೋಡಿದೆ, ವಿಮಾನಕ್ಕಿಂತ ಟೈರೇ ಎದ್ದು ಕಾಣುತ್ತೆ. ಗಾಳಿ ಬರೀ 8 ಪಿಎಸ್‌ಐ ಅಂತೆ. ನಮ್ಮ ಕಸುಬಿನಲ್ಲಿ 8 ಅಂದ್ರೆ ಗಾಳಿ ಇಲ್ಲ ಅಂತಲೇ ಲೆಕ್ಕ. ಇದು ಸರೀನಾ? ಅವನಿಗೆ ಏನು ಹೇಳಲಿ?
– ಓದುಗರು, ಮದ್ದೂರು

ಉತ್ತರ: ಯಜಮಾನ್ರೇ, ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯ್ತು. ನಾನು ಸಣ್ಣ ವಿಮಾನಗಳ ರಿಪೇರಿಯಲ್ಲೇ ಬದುಕು ಕಳೆದವನು. ಟೈರ್ ಗೊತ್ತಿರುವವರು ಟೈರ್ ಬಗ್ಗೆ ಕೇಳಿದರೆ ಅರ್ಧ ಉತ್ತರ ಕೇಳಿದವರ ಹತ್ತಿರವೇ ಇರುತ್ತದೆ.

ಮೊದಲು ಆ 8 ಪಿಎಸ್‌ಐ ವಿಷಯ. ಅದು ಸುಳ್ಳಲ್ಲ, ತಪ್ಪೂ ಅಲ್ಲ. ಪಿಎಸ್‌ಐ ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಒತ್ತಡ ಅನ್ನೋದು. ಅದನ್ನಿಟ್ಟುಕೊಂಡು ಒಂದು ಲೆಕ್ಕ ನೋಡಿ. ಸೂಪರ್ ಕಬ್ ಪೂರ್ತಿ ತುಂಬಿದಾಗ 1750 ಪೌಂಡ್, ಅಂದರೆ ಸುಮಾರು 794 ಕೆಜಿ. ಹಿಂದಿನ ಪುಟ್ಟ ಚಕ್ರದ ಪಾಲು ಬಿಟ್ಟರೆ ಮುಂದಿನ ಒಂದೊಂದು ಟೈರಿನ ಮೇಲೆ 800 ಪೌಂಡ್ ಆಸುಪಾಸು ಅನ್ನಿ. ಗಾಳಿ 25 ಪಿಎಸ್‌ಐ ಇದ್ದರೆ ಆ ಭಾರ ಹೊರಲು ಟೈರು ನೆಲಕ್ಕೆ ತಾಗಬೇಕಾದ ಜಾಗ 32 ಚದರ ಇಂಚು, ಅಂದರೆ ಎರಡು ಅಂಗೈ ಅಗಲ. ಗಾಳಿ 8ಕ್ಕೆ ಇಳಿಸಿದರೆ 100 ಚದರ ಇಂಚು, ಒಂದು ಊಟದ ತಟ್ಟೆಯಷ್ಟಾಯ್ತು. ಭಾರ ಅಷ್ಟೇ, ನೆಲದ ಮೇಲೆ ಬೀಳೋ ಒತ್ತಡ ಮಾತ್ರ ಮೂರರಲ್ಲಿ ಒಂದು ಪಾಲು. ಕಬ್ಬಿನ ಗದ್ದೆಯಲ್ಲಿ ಕಬ್ಬಿಣದ ಪಟ್ಟಿ ಹೊಡೆದ ಮರದ ಚಕ್ರದ ಗಾಡಿ ಹೂತುಕೊಳ್ಳೋ ಜಾಗದಲ್ಲಿ ಟೈರ್ ಗಾಡಿ ದಾಟಿ ಹೋಗೋದನ್ನ ನೀವು ನೋಡಿಯೇ ಇರ್ತೀರಿ. ಇಲ್ಲೂ ಅದೇ ಕಥೆ. ಹಾಗಾದರೆ ಟೈರ್ ದೊಡ್ಡದೇ ಯಾಕೆ ಬೇಕು ಅಂದರೆ, ಚಿಕ್ಕ ಟೈರಿಗೆ 8 ಪಿಎಸ್‌ಐ ಹಾಕಿದರೆ ಮೊದಲ ಕಲ್ಲಿಗೇ ರಿಮ್ ಹೋಗಿ ಬಡಿಯುತ್ತದೆ. ಕಡಿಮೆ ಗಾಳಿಯಲ್ಲಿ ಓಡಬೇಕಾದರೆ ರಿಮ್ಮಿಗೂ ನೆಲಕ್ಕೂ ನಡುವೆ ಎತ್ತರದ, ಮೆತ್ತನೆಯ ರಬ್ಬರು ಇರಲೇಬೇಕು.

ಇನ್ನೊಂದು ಕಲ್ಲಿನ ಲೆಕ್ಕ. ಬೇಸಿಗೆಯಲ್ಲಿ ಕಾವೇರಿ ಇಳಿದಾಗ ಶ್ರೀರಂಗಪಟ್ಟಣದ ಕಡೆ ಹೊಳೆಯ ನಡುವೆ ಕಲ್ಲು, ಮರಳು, ನಡುನಡುವೆ ನೀರು ಕಾಣುತ್ತಲ್ಲ, ಅಲಾಸ್ಕದ ನದಿಗಳಲ್ಲಿ ಅಂಥ ಜಲ್ಲಿ ದಿಬ್ಬಗಳು ಮೈಲಿಗಟ್ಟಲೆ ಇವೆ. ರಸ್ತೆ ಇಲ್ಲದ ಊರು, ಮೀನು ಹಿಡಿಯೋ ಜಾಗ, ಬೇಟೆ ಕ್ಯಾಂಪು, ಎಲ್ಲದಕ್ಕೂ ಅದೇ ರನ್‌ವೇ. ಕಾರ್ಖಾನೆಯಿಂದ ಬಂದ ಹಳೇ ಕಬ್‌ನ ಟೈರು ಎತ್ತರ 18–19 ಇಂಚು. ಆರು ಇಂಚಿನ ಗುಂಡುಕಲ್ಲು ಅಡ್ಡ ಬಂದರೆ ಅದಕ್ಕೆ ಗೋಡೆ ಬಂದ ಹಾಗೆ. 31 ಇಂಚಿನ ಟೈರಿಗೆ ಅದೇ ಕಲ್ಲು ಒಂದು ಏರು, ಅಷ್ಟೇ. ಜೊತೆಗೆ ರಬ್ಬರು ಕಲ್ಲಿನ ಸುತ್ತ ಬಾಗಿ ಅದನ್ನ ಒಳಗೆ ತಗೊಂಡುಬಿಡುತ್ತದೆ.

ಈಗ ನೀವು ಫೋನಿನಲ್ಲಿ ಮಗನನ್ನ ಕೇಳಲೇಬೇಕಾದ ಮಾತು: ಟೈರಿನ ವಾಲ್ವ್ ಎಲ್ಲಿದೆ? ಮಾಮೂಲಿ ಟ್ಯೂಬ್ ಟೈರಿಗೆ ಗಾಳಿ ತೀರಾ ಕಡಿಮೆ ಇದ್ದು ಬ್ರೇಕ್ ಒತ್ತಿದರೆ ರಿಮ್ ನಿಲ್ಲುತ್ತೆ, ಟೈರು ಮಾತ್ರ ಸ್ವಲ್ಪ ಮುಂದಕ್ಕೆ ತಿರುಗುತ್ತೆ. ಟ್ಯೂಬೂ ಅದರ ಜೊತೆ ಹೋಗುತ್ತೆ. ವಾಲ್ವ್ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡು ಬುಡಕ್ಕೆ ಕತ್ತರಿಸಿ ಹೋಗುತ್ತೆ. ನಾನು ಕೆಲಸ ಮಾಡುತ್ತಿದ್ದ ಕಡೆ ವಿಮಾನದ ಟೈರಿಗೂ ರಿಮ್ಮಿಗೂ ಸೇರಿಸಿ ಬೆರಳಗಲದ ಒಂದು ಕೆಂಪು ಗೆರೆ ಹಾಕುತ್ತಿದ್ದೆವು. ಬೆಳಗ್ಗೆ ಹ್ಯಾಂಗರ್ ಬಾಗಿಲು ತೆಗೆದ ಕೂಡಲೇ ಮೊಣಕಾಲೂರಿ ನೋಡೋದು ಅದನ್ನೇ. ಒಂದು ದಿನ ತರಬೇತಿ ವಿಮಾನವೊಂದರಲ್ಲಿ ಟೈರಿನ ಮೇಲಿನ ಅರ್ಧ ಗೆರೆ ರಿಮ್ಮಿನ ಅರ್ಧದಿಂದ ಒಂದು ಇಂಚು ಸರಿದಿತ್ತು. ಬಿಚ್ಚಿ ನೋಡಿದರೆ ವಾಲ್ವಿನ ಬುಡದಲ್ಲಿ ರಬ್ಬರು ಕೂದಲೆಳೆಯಷ್ಟು ಸೀಳಿತ್ತು. ಇನ್ನೊಂದು ಲ್ಯಾಂಡಿಂಗ್ ತಡೆಯುತ್ತಿರಲಿಲ್ಲ. ಅದು ನಾಲ್ಕು ಜನ ಓಡಿ ಬರೋ ಡಾಂಬರು ರನ್‌ವೇಯ ಮಾತು. ಯಾರೂ ಇಲ್ಲದ ಹೊಳೆ ದಂಡೆಯಲ್ಲಿ ಹಾಗಾದರೆ? ಅದಕ್ಕೇ ಅಲಾಸ್ಕನ್ ಬುಶ್‌ವೀಲ್ ಅನ್ನೋ ಟೈರುಗಳಲ್ಲಿ ವಾಲ್ವನ್ನು ರಿಮ್ಮಿನಲ್ಲಿ ಇಡದೆ ಟೈರಿನ ಪಕ್ಕದ ಗೋಡೆಯಲ್ಲೇ ಇಟ್ಟಿದ್ದಾರೆ. ಟೈರು ಸರಿದರೂ ವಾಲ್ವ್ ಅದರ ಜೊತೆಗೇ ಹೋಗುತ್ತೆ, ಮುರಿಯಲ್ಲ. ಕಡಿಮೆ ಗಾಳಿಯಲ್ಲಿ ಓಡಿಸೋದೇ ಆದರೆ ಈ ಥರದ್ದೇ ಹಾಕಿಸಲಿ. ಇದರಲ್ಲಿ ದುಡ್ಡು ಉಳಿಸೋದು ಬೇಡ.

ಸರಿ, ಸೈಜು. ಸಾಮಾನ್ಯವಾಗಿ ಕಬ್‌ಗೆ 26, 29, 31, 35 ಇಂಚಿನವು ಹಾಕುತ್ತಾರೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ಹೊಸ ಪೈಲಟ್ಟಿಗೆ 35 ಬೇಡ. ತಲೆ ಗಾತ್ರದ ಕಲ್ಲಿನ ಮೇಲೆ ದಿನಾ ಇಳಿಯುವ, ಅದೇ ಹೊಟ್ಟೆಪಾಡಾಗಿರುವ ಗೈಡುಗಳಿಗೆ ಅದು ಬೇಕು. ನಿಮ್ಮ ಮಗ ವಾರಕ್ಕೊಮ್ಮೆ ಆಂಕರೇಜ್‌ನಿಂದ ಹೊರಡೋನು. ಮರಳು, ಸಣ್ಣ ಜಲ್ಲಿ, ಹುಲ್ಲು ಅಂದರೆ 26 ಅಥವಾ 29 ಧಾರಾಳ ಸಾಕು. ಹೊಳೆ ದಂಡೆಗೇ ಜಾಸ್ತಿ ಹೋಗ್ತೀನಿ ಅಂದರೆ 31. ಕಳೆದ ಹತ್ತು ಲ್ಯಾಂಡಿಂಗ್ ಎಲ್ಲೆಲ್ಲಿ ಮಾಡಿದೆ ಅಂತ ಒಂದು ಚೀಟಿಯಲ್ಲಿ ಬರೆದು ನೋಡೋಕೆ ಹೇಳಿ. ಎಂಟು ಡಾಂಬರಿನ ಮೇಲಿದ್ದರೆ ಉತ್ತರ ಅಲ್ಲೇ ಇದೆ. ಈ ಟೈರಿನ ರಬ್ಬರು ಮೆದು, ಡಾಂಬರು ಅದನ್ನ ತುರಿಯೋ ಮಣೆಯ ಹಾಗೆ ತುರಿದುಹಾಕುತ್ತೆ. ಜೋಡಿಗೆ ಸಾವಿರಾರು ಡಾಲರ್ ಬೇರೆ. ಆಂಕರೇಜ್‌ನ ಮೆರಿಲ್ ಫೀಲ್ಡ್‌ನಲ್ಲಿ ಡಾಂಬರು ರನ್‌ವೇಗಳ ಜೊತೆ ಜಲ್ಲಿ ರನ್‌ವೇಯೂ ಇದೆ, ಅಂಥದ್ದು ಇರೋ ಕಡೆ ಅದರ ಮೇಲೇ ಇಳಿಯಲಿ.

ಸೈಜು ಹೆಚ್ಚಿದ ಹಾಗೆ ಬೇರೆ ಖರ್ಚುಗಳೂ ಹಿಂದೆಯೇ ಬರುತ್ತವೆ, ಮುಖ್ಯವಾಗಿ ಬ್ರೇಕು. ಡಿಸ್ಕ್ ಅದೇ ಚಿಕ್ಕದು, ಟೈರು ಮಾತ್ರ ದೊಡ್ಡದು. ಸನ್ನೆಗೋಲು ಉದ್ದವಾದಂತೆ ನೆಲದ ಕೈ ಮೇಲಾಗುತ್ತೆ, ಬ್ರೇಕಿನ ಹಿಡಿತ ಸಾಲದೆ ಬರುತ್ತೆ. ಹಾಗಾಗಿ 31ಕ್ಕೆ ಹೋದರೆ ಬಲವಾದ ಬ್ರೇಕನ್ನೂ ಲೆಕ್ಕಕ್ಕೆ ಹಿಡಿದೇ ಬಜೆಟ್ ಮಾಡಬೇಕು. ಬಲವಾದ ಬ್ರೇಕ್ ಬಂದ ಮೇಲೆ ಅದನ್ನ ಜೋರಾಗಿ ಒತ್ತಿದರೆ ಮೆದು ಟೈರು ನೆಲವನ್ನ ಕಚ್ಚಿ ಹಿಡಿದು, ಬಾಲ ಎದ್ದು, ವಿಮಾನ ಮುಗ್ಗರಿಸಬಹುದು. ಅದನ್ನ ಅಭ್ಯಾಸದಿಂದಲೇ ಕಲಿಯಬೇಕು, ಪಕ್ಕದಲ್ಲಿ ಪಳಗಿದವರನ್ನ ಕೂರಿಸಿಕೊಂಡು. ಆಮೇಲೆ ಕಾಲುಗಳು. ಕಬ್‌ನಲ್ಲಿ ಕುಲುಕಾಟ ತಡೆಯೋದು ಬಟ್ಟೆ ಸುತ್ತಿದ ದಪ್ಪ ರಬ್ಬರ್ ಹಗ್ಗ, ಬಂಜಿ ಅಂತಾರೆ. ಭಾರದ ಟೈರು ಅದರ ಮೇಲೆ ಜಾಸ್ತಿ ಜಗ್ಗುತ್ತೆ. ಅದು ಕಿತ್ತರೆ ಕಾಲು ಅಗಲಿ ವಿಮಾನ ಕೂತುಬಿಡುತ್ತೆ, ಪ್ರೊಪೆಲ್ಲರ್ ನೆಲಕ್ಕೆ ಹೊಡೆಯುತ್ತೆ. ಅದಕ್ಕೆ ತಡೆಯಾಗಿ ಉಕ್ಕಿನ ಸೇಫ್ಟಿ ಕೇಬಲ್ ಹಾಕುತ್ತಾರೆ. ಹಾಕಿಸಿದ್ದಾನಾ ಅಂತ ಕೇಳಿ. ಹಾರುವಾಗ ಗಾಳಿಯ ತಡೆ ಜಾಸ್ತಿಯಾಗಿ ವೇಗ ಸ್ವಲ್ಪ ಇಳಿಯುತ್ತೆ, ಹತ್ತೋದೂ ನಿಧಾನ. ಪೆಟ್ರೋಲ್ ಲೆಕ್ಕವನ್ನ ಹಳೇ ವೇಗ ಹಿಡಿದು ಹಾಕಬಾರದು.

ಕಾಗದ ಪತ್ರ ಮರೀಬೇಡಿ. ವಿಮಾನಕ್ಕೆ ಬೇರೆ ಟೈರ್ ಹಾಕೋದು ಬೈಕಿಗೆ ಹಾಕಿದ ಹಾಗಲ್ಲ. ಆ ಮಾಡೆಲ್ಲಿಗೆ ಎಸ್‌ಟಿಸಿ ಅನ್ನೋ ಒಪ್ಪಿಗೆ ಇರಬೇಕು, ಅಧಿಕಾರ ಇರೋ ಮೆಕ್ಯಾನಿಕ್ ಸಹಿ ಹಾಕಬೇಕು, ತೂಕ ಮತ್ತು ಸಮತೋಲನದ ಲೆಕ್ಕ ಹೊಸದಾಗಿ ಬರೆಯಬೇಕು.

ಕೊನೆಯದು ಒಬ್ಬ ತಂದೆಗೆ ಹೇಳೋ ಮಾತು. ಈ ಟೈರಿನಲ್ಲಿ ನೀರಿನ ಮೇಲೆ ಜಾರಿಸಿಕೊಂಡು ಬಂದು ದಂಡೆ ಹತ್ತಿಸೋ ವಿಡಿಯೊಗಳಿವೆ. ವೇಗ ಒಂದಿಷ್ಟು ತಗ್ಗಿದರೆ ಚಕ್ರ ಮುಳುಗಿ ವಿಮಾನ ಮಗುಚಿಕೊಳ್ಳುತ್ತೆ. ಅದನ್ನ ಮಾಡಲ್ಲ ಅಂತ ಅವನ ಬಾಯಿಂದ ಮಾತು ತಗೊಳ್ಳಿ.

ಪ್ರಶ್ನೆ: ನಾನು ಪೈಲಟ್ ತರಬೇತಿ ತಗೊಳ್ತಿದ್ದೀನಿ. ದೊಡ್ಡ ಟೈರ್ ಹಾಕಿದರೆ ವಿಮಾನ ಕಮ್ಮಿ ದೂರದಲ್ಲೇ ಏಳುತ್ತೆ ಅಂತಾರೆ. ಟೈರ್‌ಗೂ ರೆಕ್ಕೆಗೂ ಏನು ಸಂಬಂಧ?
– ವಿದ್ಯಾರ್ಥಿನಿ, ಮೈಸೂರು

ಉತ್ತರ: ಸಂಬಂಧ ಇದೆ. ಆದರೆ ಹಿಂದೆ ಚಕ್ರ ಇರೋ ವಿಮಾನಕ್ಕೆ ಮಾತ್ರ. ನೀವು ಕಲಿಯುತ್ತಿರೋದು ಮೂಗಿನಡಿ ಚಕ್ರ ಇರೋದಾದರೆ ಇದು ನಿಮಗೆ ಹೊಸದು ಅನ್ನಿಸಬಹುದು. ಮುಂದಿನ ಟೈರು 19ರಿಂದ 31 ಇಂಚಿಗೆ ಹೋದರೆ ಆಕ್ಸಲ್ ಆರು ಇಂಚು ಮೇಲೇರುತ್ತೆ (ವ್ಯತ್ಯಾಸದ ಅರ್ಧ, ಅಲ್ವಾ). ಬಾಲದ ಚಕ್ರ ಇದ್ದಲ್ಲೇ ಇದ್ದರೆ ಮೂಗು ಎತ್ತರವಾಗಿ ರೆಕ್ಕೆ ಗಾಳಿಗೆ ಇನ್ನಷ್ಟು ಓರೆಯಾಗಿ ನಿಲ್ಲುತ್ತೆ. ಮೂರೂ ಚಕ್ರ ನೆಲದಲ್ಲಿದ್ದಾಗಲೇ ಜಾಸ್ತಿ ಎತ್ತುವ ಬಲ ಸಿಗುತ್ತೆ, ಹಾಗಾಗಿ ಕಡಿಮೆ ವೇಗದಲ್ಲೇ ಏಳಬಹುದು, ಇಳಿಯಬಹುದು. ಪ್ರೊಪೆಲ್ಲರ್ ಕಲ್ಲಿನಿಂದ ದೂರ ಆಗೋದು ಇನ್ನೊಂದು ಲಾಭ. ನಷ್ಟ ಏನಂದರೆ ನೆಲದ ಮೇಲೆ ಓಡಿಸುವಾಗ ಮುಂದೆ ಕಾಣೋದು ಎಂಜಿನ್ ಮುಚ್ಚಳ ಮಾತ್ರ, ಹಾವಿನ ಹಾಗೆ ಅತ್ತಿತ್ತ ತಿರುಗಿಸಿಕೊಂಡೇ ಹೋಗಬೇಕು.

ಪ್ರಶ್ನೆ: ಚಿಕ್ಕ ಟ್ರ್ಯಾಕ್ಟರ್ ಟೈರನ್ನೇ ಹಾಕಿದರೆ ಅಗ್ಗ ಆಗಲ್ವಾ?
– ಓದುಗರು, ಪಾಂಡವಪುರ

ಉತ್ತರ: ಆಗಲ್ಲ, ದಯವಿಟ್ಟು ಯಾರೂ ಪ್ರಯೋಗ ಮಾಡಬೇಡಿ. ಟ್ರ್ಯಾಕ್ಟರ್ ಟೈರು ನಿಧಾನಕ್ಕೆ ಎಳೆಯೋಕೆ ಮಾಡಿದ್ದು, ಅದಕ್ಕೇ ಆ ದಪ್ಪ ಹಲ್ಲು, ಆ ತೂಕ. ವಿಮಾನದ ಟೈರು ಗಾಳಿಯಲ್ಲಿ ಸುಮ್ನೆ ನಿಂತಿರುತ್ತೆ, ನೆಲ ತಾಗಿದ ಕ್ಷಣದಲ್ಲಿ ಒಮ್ಮೆಲೇ ಪೂರ್ತಿ ವೇಗಕ್ಕೆ ತಿರುಗಬೇಕು. ಟೈರು ಭಾರ ಇದ್ದಷ್ಟೂ ಆ ಕ್ಷಣದಲ್ಲಿ ಕಾಲನ್ನ ಹಿಂದಕ್ಕೆ ಎಳೆದು ಮೂಗನ್ನ ಕೆಳಕ್ಕೆ ತಳ್ಳುತ್ತೆ. ಮೇಲೆ ಹೇಳಿದ ದೊಡ್ಡ ಬುಶ್ ಟೈರುಗಳಲ್ಲಿ ಹಲವು ನುಣ್ಣಗೆ, ಹಲ್ಲೇ ಇಲ್ಲದೆ ಇರೋದೂ ತೂಕ ಉಳಿಸೋಕೆ. ಅದಕ್ಕೆ ಎಂಜಿನ್ನಿನಿಂದ ತಿರುಗೋ ಕೆಲಸ ಇಲ್ಲ, ಎಳೆಯೋದು ಪ್ರೊಪೆಲ್ಲರ್.

ಮದ್ದೂರಿನ ಯಜಮಾನರಿಗೆ ಒಂದು ಮಾತು ಬಿಟ್ಟುಹೋಯ್ತು. ಅಲಾಸ್ಕದಲ್ಲಿ ಚಳಿಗಾಲಕ್ಕೆ ಬಹಳ ಜನ ಟೈರು ಬಿಚ್ಚಿ ಸ್ಕೀ ಹಾಕುತ್ತಾರೆ. ಬಿಚ್ಚಿದ ಟೈರನ್ನ ಬಿಸಿಲು ಬೀಳದ ಕಡೆ, ಭಾರ ಹೇರದೆ ಇಡಬೇಕು. ಬೇಸಿಗೆಯಲ್ಲೂ ವಿಮಾನ ಬಯಲಲ್ಲಿ ನಿಂತಿದ್ದರೆ ಟೈರಿಗೆ ಬಟ್ಟೆ ಹೊದಿಸಲಿ. ಬಿಸಿಲಿಗೆ ಬಿರಿದ ರಬ್ಬರು ಹೇಗಿರುತ್ತೆ ಅಂತ ನೀವೇ ಅವನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಬಹುದು, ನಿಮ್ಮ ಅಂಗಡಿಯ ಮೂಲೆಯಲ್ಲಿ ಒಂದಾದರೂ ಇದ್ದೇ ಇರುತ್ತೆ.